ಮಡಿಲ ಗಿಟಾರಿಗೆ ಕಟ್ಟಿದ ಬೆಲೆ

ಅಮೆರಿಕದ ಗಿಬ್ಸನ್ ಕಂಪನಿ 1936ರಲ್ಲಿ ಮಾರುತ್ತಿದ್ದ ಒಂದು ವಾದ್ಯದ ಹೆಸರಿನಲ್ಲೇ ಅದರ ಬೆಲೆಯೂ ಇತ್ತು. ಹೆಸರು ಇಎಚ್-150. ಮೊದಲಕ್ಷರ ಎಲೆಕ್ಟ್ರಿಕ್‌ಗೆ, ಎರಡನೆಯದು ಹವಾಯಿಯನ್‌ಗೆ. ಗಿಟಾರು, ಆಂಪ್ಲಿಫೈಯರು, ಕೇಬಲ್ಲು ಎಲ್ಲ ಸೇರಿ ನೂರೈವತ್ತು ಡಾಲರ್. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಎರಡು ವರ್ಷದ ಮೇಲೆ, 1938ರಲ್ಲಿ, ಅಮೆರಿಕ ಸರ್ಕಾರ ಕಾಯಿದೆ ಮಾಡಿ ಕನಿಷ್ಠ ಕೂಲಿ ಗೊತ್ತುಪಡಿಸಿದಾಗ ಅದು ಗಂಟೆಗೆ 25 ಸೆಂಟ್ ಆಗಿತ್ತು. ಆ ಲೆಕ್ಕದಲ್ಲಿ ಈ ವಾದ್ಯ ಕೊಳ್ಳಲು ಕೂಲಿಯವನು 600 ಗಂಟೆ ದುಡಿಯಬೇಕಿತ್ತು. ಆದರೂ ಜನ ಕೊಂಡರು, ಕಂತಿನಲ್ಲಾದರೂ ಕೊಂಡರು.

ಇಂದಿನ ಹಣದಲ್ಲಿ ಆ 150 ಡಾಲರ್ ಎಂದರೆ 3,300 ಡಾಲರಿಗೂ ಮೇಲೆ. ಹಳೆಯ ವಾದ್ಯಗಳ ಅಂಗಡಿಯಲ್ಲಿ ಅದೇ ಇಎಚ್-150 ಈಗ ಅದಕ್ಕಿಂತ ಕಡಿಮೆಗೇ ಸಿಗುತ್ತದೆ. ಇದೇ ಗಿಬ್ಸನ್ 1959ರಲ್ಲಿ 265 ಡಾಲರಿನಂತೆ ಮಾರಿದ ಲೆಸ್ ಪಾಲ್ ಸ್ಟ್ಯಾಂಡರ್ಡ್ ಗಿಟಾರಿಗಾದರೆ ಎರಡು ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ಕೊಳ್ಳುವವರಿದ್ದಾರೆ. ವಿದ್ಯುತ್ ಗಿಟಾರು ಮೊದಲು ಕಾರ್ಖಾನೆಯಿಂದ ಹೊರಬಂದದ್ದು ತೊಡೆಯ ಮೇಲೆ ಮಲಗಿಸಿ ನುಡಿಸುವ ರೂಪದಲ್ಲಿ. ಲೆಸ್ ಪಾಲ್ ಆಮೇಲಿನ ಕೂಸು. ಹೀಗಿದ್ದೂ ಹಿರಿಯನಿಗೆ ಹುಟ್ಟಿದಾಗಿನ ಬೆಲೆಯೂ ಉಳಿಯಲಿಲ್ಲ. ಹಳತಾದ ಮಾತ್ರಕ್ಕೆ, ಮೊದಲನೆಯದಾದ ಮಾತ್ರಕ್ಕೆ ವಾದ್ಯಕ್ಕೆ ಬೆಲೆ ಬರುವುದಿಲ್ಲ. ಅದನ್ನು ನುಡಿಸಬೇಕೆಂಬ ಆಸೆ ಎಷ್ಟು ಜನರಲ್ಲಿ ಉಳಿದಿದೆ, ಕಲಿಸುವವರು ಎಷ್ಟು ಜನ ಉಳಿದಿದ್ದಾರೆ ಎಂಬುದರಿಂದ ಬರುತ್ತದೆ. ಸ್ಟೀಲ್ ಗಿಟಾರಿನ ನೂರು ವರ್ಷದ ಏರಿಳಿತವನ್ನು ನೋಡಿದಾಗ ನನಗೆ ಕಾಣುವುದು ಇದೇ.

ಸ್ಟೀಲ್ ಗಿಟಾರಿನ ಒಡಲು ಉಕ್ಕಿನದಾಗಿರಬೇಕಿಲ್ಲ. ಉಕ್ಕು ಇರುವುದು ನುಡಿಸುವವರ ಎಡಗೈಯಲ್ಲಿ. ವಾದ್ಯವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ಗುಂಡನ್ನು ಜಾರಿಸುತ್ತ, ಬಲಗೈ ಬೆರಳಿಗೆ ಉಗುರು ತೊಟ್ಟು ಮೀಟುತ್ತಾರೆ. ತಂತಿಗಳು ಮೆಟ್ಟಿಲುಗಳಿಗೆ ತಾಗುವುದೇ ಇಲ್ಲ. ಮೆಟ್ಟಿಲು ಬರೀ ಕಣ್ಣಿನ ಗುರುತು. ಹಾಗಾಗಿ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನ ದಾರಿಯೆಲ್ಲ ಕೇಳಿಸುತ್ತದೆ. ಗೋಟುವಾದ್ಯ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೂದಲೆಳೆಯಷ್ಟು ಆಚೀಚೆಯಾದರೂ ಅಪಸ್ವರ. ಕಲಿಯಲು ಸುಲಭ ಎಂದು ಕಂಪನಿಗಳು ಜಾಹೀರಾತು ಕೊಟ್ಟು ಮಾರಿದ ಈ ವಾದ್ಯ, ನಿಜಕ್ಕೂ ಕಿವಿ ಪಳಗದವರ ಕೈಗೆ ಒಲಿಯುವಂಥದ್ದಲ್ಲ.

ಇದರ ಮೂಲ ಹವಾಯಿ. ಒಆಹು ದ್ವೀಪದ ಲಾಯಿಯೆ ಎಂಬ ಊರಲ್ಲಿ 1874ರಲ್ಲಿ ಹುಟ್ಟಿದ ಜೋಸೆಫ್ ಕೆಕುಕು ಇನ್ನೂ ಹುಡುಗನಾಗಿದ್ದಾಗ ರೈಲು ಹಳಿಯ ಪಕ್ಕ ಬಿದ್ದಿದ್ದ ಬೋಲ್ಟೊಂದನ್ನು ಎತ್ತಿಕೊಂಡು ಗಿಟಾರಿನ ತಂತಿಯ ಮೇಲೆ ಜಾರಿಸಿದ ಎಂಬ ಕಥೆ ಅಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ ಗೇಬ್ರಿಯಲ್ ಡೇವಿಯನ್ ಎಂಬ, ಭಾರತದಲ್ಲಿ ಹುಟ್ಟಿದ ಯುವಕನೊಬ್ಬ ಹೀಗೆ ಜಾರಿಸಿ ನುಡಿಸುತ್ತಿದ್ದ ಎಂಬ ಹೇಳಿಕೆಯೂ ಹವಾಯಿಯ ಹಳಬರ ನೆನಪಿನಲ್ಲಿ ಉಳಿದು ಬಂದಿದೆ. ಯಾರು ಮೊದಲಿಗರಾದರೂ ಆ ನಾದವನ್ನು ಒಂದು ವಿದ್ಯೆಯಾಗಿ ಬೆಳೆಸಿ, ಉಕ್ಕಿನ ಗುಂಡನ್ನು ಹದಗೊಳಿಸಿ, ಗೆಳೆಯರಿಗೆ ಕಲಿಸಿದವನು ಕೆಕುಕು. ಈ ನಡುವೆ 1893ರಲ್ಲಿ ಹವಾಯಿಯ ರಾಣಿ ಲಿಲಿಯುಒಕಲಾನಿಯನ್ನು ಸಿಂಹಾಸನದಿಂದ ಇಳಿಸಲಾಯಿತು, 1898ರಲ್ಲಿ ದ್ವೀಪಗಳು ಅಮೆರಿಕದ ವಶವಾದವು. ಕೆಕುಕು 1904ರಲ್ಲಿ ಹಡಗು ಹತ್ತಿ ಅಮೆರಿಕದ ಕಡೆ ಹೊರಟ. ನಾಡು ಕಳೆದುಕೊಂಡವರ ಸಂಗೀತ ನಾಡನ್ನು ಕಿತ್ತುಕೊಂಡವರ ದಿವಾನಖಾನೆಯಲ್ಲಿ ಮೆರೆಯತೊಡಗಿತು. ಇದನ್ನು ಬರೆಯುವಾಗ ಈಗಲೂ ಮನಸ್ಸು ಭಾರವಾಗುತ್ತದೆ.

ಬ್ರಾಡ್‌ವೇ ರಂಗಭೂಮಿಯಲ್ಲಿ 1912ರಲ್ಲಿ ಬಂದ ‘ದ ಬರ್ಡ್ ಆಫ್ ಪ್ಯಾರಡೈಸ್’ ನಾಟಕದಲ್ಲಿ ಹವಾಯಿಯ ವಾದಕರು ಇದ್ದರು. ಪನಾಮಾ ಕಾಲುವೆ ತೆರೆದ ಸಂಭ್ರಮಕ್ಕೆ 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಮಹಾ ವಸ್ತುಪ್ರದರ್ಶನಕ್ಕೆ ಸುಮಾರು 1 ಕೋಟಿ 80 ಲಕ್ಷ ಜನ ಬಂದರು; ಅಲ್ಲಿನ ಹವಾಯಿ ಮಂಟಪದಲ್ಲಿ ದಿನವೂ ಈ ಗಿಟಾರು. ಅಲ್ಲಿಂದ ಮುಂದೆ ಅಮೆರಿಕಕ್ಕೆ ಇದರ ಹುಚ್ಚೇ ಹಿಡಿಯಿತು. ಗ್ರಾಮಫೋನ್ ಕಂಪನಿಗಳು ಹವಾಯಿಯ ತಟ್ಟೆಗಳನ್ನು ಒಂದರ ಹಿಂದೊಂದು ತಂದವು. ಸೋಲ್ ಹೂಪಿಯಿ ಎಂಬ ಹದಿಹರೆಯದ ಹುಡುಗ 1919ರಲ್ಲಿ ಟಿಕೆಟ್ ಇಲ್ಲದೆ ಹಡಗಿನಲ್ಲಿ ಅಡಗಿ ಕೂತು ಸ್ಯಾನ್ ಫ್ರಾನ್ಸಿಸ್ಕೊ ಸೇರಿದ, ಮುಂದೆ ಆ ತಲೆಮಾರಿನ ದೊಡ್ಡ ವಾದಕನಾದ.

ತೊಡಕು ಇದ್ದದ್ದು ಸದ್ದಿನದು. ನೃತ್ಯಶಾಲೆಯ ತುತ್ತೂರಿ, ಡ್ರಮ್ಮುಗಳ ನಡುವೆ ಮರದ ಗಿಟಾರಿನ ದನಿ ಮುಳುಗಿಹೋಗುತ್ತಿತ್ತು. ಟೆಕ್ಸಾಸ್ ಮೂಲದ ಜಾರ್ಜ್ ಬೋಶಾಂಪ್ ಸ್ವತಃ ಹವಾಯಿಯನ್ ಗಿಟಾರ್ ನುಡಿಸುತ್ತ ಊರೂರು ತಿರುಗಿದವನು, ಈ ಕಷ್ಟ ಉಂಡವನು. ಅವನೂ ಜಾನ್ ಡೊಪ್ಯೇರ ಎಂಬ ಕುಶಲಿಗನೂ ಸೇರಿ 1927ರ ಹೊತ್ತಿಗೆ ಲೋಹದ ಒಡಲಿನೊಳಗೆ ಮೂರು ಅಲ್ಯುಮಿನಿಯಂ ಶಂಕುಗಳನ್ನಿಟ್ಟ ನ್ಯಾಷನಲ್ ಗಿಟಾರನ್ನು ತಂದರು. ಸದ್ದು ಹೆಚ್ಚಿತು, ಸಾಲಲಿಲ್ಲ. ನ್ಯಾಷನಲ್ ಕಂಪನಿಯಲ್ಲಿ ಜಗಳವಾಗಿ ಹೊರಬಿದ್ದ ಬೋಶಾಂಪ್ ಕಾಂತದ ಹಿಂದೆ ಬಿದ್ದ. ಎರಡು ಕುದುರೆಲಾಳದಾಕಾರದ ಕಾಂತಗಳನ್ನು ತಂತಿಗಳ ಮೇಲೂ ಕೆಳಗೂ ಬಳಸಿ ಬರುವಂತೆ ಇಟ್ಟ. ತಂತಿಗಳಡಿ ತಾಮ್ರದ ಸುರುಳಿ. ಈ ಜೋಡಣೆಯೇ ಪಿಕಪ್. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ. ಇವತ್ತು ಯಾವ ಊರಿನ ಗಣೇಶೋತ್ಸವದ ವಾದ್ಯಗೋಷ್ಠಿಯಲ್ಲಿ ಎಲೆಕ್ಟ್ರಿಕ್ ಗಿಟಾರು ನುಡಿದರೂ ಅದರೊಳಗೆ ದುಡಿಯುವುದು ಇದೇ ತತ್ವ.

ಹ್ಯಾರಿ ವಾಟ್ಸನ್ ಎಂಬ ಕೆಲಸಗಾರ 1931ರಲ್ಲಿ ಮೊದಲ ಮಾದರಿಯನ್ನು ಮರದಲ್ಲಿ ಕೆತ್ತಿಕೊಟ್ಟ. ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದು ಲಾಸ್ ಏಂಜಲೀಸಿನಲ್ಲಿ ಲೋಹದ ಅಚ್ಚಿನ ಕಾರ್ಖಾನೆ ನಡೆಸುತ್ತಿದ್ದ ಅಡಾಲ್ಫ್ ರಿಕನ್‌ಬ್ಯಾಕರ್ ಬೆನ್ನಿಗೆ ನಿಂತ. ಅಲ್ಯುಮಿನಿಯಂ ಎರಕದಲ್ಲಿ ವಾದ್ಯ ಮಾರಾಟಕ್ಕೆ ಬಂದದ್ದು 1932ರಲ್ಲಿ. ಪುಟ್ಟ ದುಂಡು ಒಡಲು, ಉದ್ದ ಕುತ್ತಿಗೆ. ಹಿಡಿ ಇರುವ ಬಾಣಲೆಯ ಆಕಾರ ಕಂಡು ಜನ ಅದನ್ನು ಫ್ರೈಯಿಂಗ್ ಪ್ಯಾನ್ ಎಂದೇ ಕರೆದರು. ಸಮಯ ಮಾತ್ರ ಇದಕ್ಕಿಂತ ಕೆಟ್ಟದಿರಲಾರದು. ಆರ್ಥಿಕ ಕುಸಿತ ಬಾಯಿ ತೆರೆದು ಕೂತಿತ್ತು. ಅಮೆರಿಕದ ಹತ್ತು ಒಕ್ಕಲು ಮನೆಗಳಲ್ಲಿ ಒಂಬತ್ತಕ್ಕೆ ವಿದ್ಯುತ್ತೇ ಇರಲಿಲ್ಲ. ಪೇಟೆಂಟಿಗೆ 1934ರಲ್ಲಿ ಅರ್ಜಿ ಹಾಕಿದರೆ, ಇದು ನುಡಿಯುತ್ತದೆಯೇ ಎಂದು ಪರೀಕ್ಷಕರಿಗೇ ಅನುಮಾನ. ರಿಕನ್‌ಬ್ಯಾಕರ್ ಸೋಲ್ ಹೂಪಿಯಿಯೂ ಸೇರಿದಂತೆ ಕೆಲವು ವಾದಕರನ್ನು ವಾಷಿಂಗ್ಟನ್ನಿಗೆ ಕಳಿಸಿದ; ಕಚೇರಿಯಲ್ಲೇ ಕೂತು ನುಡಿಸಿ ತೋರಿಸಬೇಕಾಯಿತು. ಹಕ್ಕು ಕೈಗೆ ಬಂದದ್ದು 1937ರ ಆಗಸ್ಟ್ 10ರಂದು. ಅಷ್ಟರಲ್ಲಿ ಬೇರೆ ಕಂಪನಿಗಳೂ ಕಾಂತದ ಪಿಕಪ್ಪಿನ ಗಿಟಾರುಗಳನ್ನು ಮಾರುತ್ತಿದ್ದವು.

ಅಲ್ಯುಮಿನಿಯಂಗೆ ಒಂದು ದೋಷವಿತ್ತು. ರಂಗದ ದೀಪಗಳ ಬಿಸಿಗೆ ಅದು ಹಿಗ್ಗಿ ಶ್ರುತಿ ಕೆಡುತ್ತಿತ್ತು. ಅದಕ್ಕೆ 1935ರಲ್ಲಿ ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಮಾಡೆಲ್ ಬಿ ಬಂತು: ಕರಿಯ ಒಡಲು, ಮೇಲೆ ಹೊಳೆಯುವ ಲೋಹದ ಫಲಕಗಳು, ಅದೇ ಕುದುರೆಲಾಳ. ನುಡಿಸುವವರನ್ನು ಕೇಳಿದರೆ ಬಹುಪಾಲು ಜನ ಇದರ ದನಿಗೆ ಸಮ ಇಲ್ಲ ಎನ್ನುತ್ತಾರೆ. ನಾನು ಕೇಳಿದ ಧ್ವನಿಮುದ್ರಣಗಳ ಮಟ್ಟಿಗೆ ನನ್ನದೂ ಅದೇ ಅಭಿಪ್ರಾಯ. ಓಹಾಯೊದ ಜೆರ್ರಿ ಬರ್ಡ್ ಇದರ ಮೇಲೆ ನುಡಿಸಿದ ನಿಧಾನದ ಹಾಡುಗಳಲ್ಲಿ ಉಸಿರು ತೆಗೆದುಕೊಳ್ಳುವ ಜಾಗವೂ ಕೇಳಿಸುತ್ತದೆ.

ಆ ದಿನಗಳಲ್ಲಿ ಎಲೆಕ್ಟ್ರಿಕ್ ಗಿಟಾರು ಎಂದರೆ ಮೊದಲು ನೆನಪಾಗುತ್ತಿದ್ದದ್ದೇ ಹವಾಯಿಯನ್. ಎದೆಗೊತ್ತಿ ನುಡಿಸುವ ಸ್ಪ್ಯಾನಿಷ್ ಮಾದರಿಯನ್ನು ಗಿಬ್ಸನ್ ಅದರ ಹಿಂದೆ ತಂದಿತು. ಈ ಬೇಡಿಕೆಯನ್ನು ಹೊತ್ತು ನಿಂತವರು ರಂಗದ ಮೇಲಿನ ತಾರೆಯರಿಗಿಂತ ಹೆಚ್ಚಾಗಿ ಮನೆಮನೆಯ ಮಕ್ಕಳು. ಕ್ಲೀವ್‌ಲೆಂಡಿನ ಒಆಹು ಪಬ್ಲಿಷಿಂಗ್ ಕಂಪನಿ ಪಾಠದ ಹಾಳೆಗಳನ್ನು ಅಚ್ಚು ಮಾಡಿ, ಊರೂರಿನ ಗಿಟಾರ್ ಶಾಲೆಗಳಿಗೆ ಒದಗಿಸಿ, ತನ್ನ ಹೆಸರಿನ ವಾದ್ಯಗಳನ್ನು ಬೇರೆಯವರಿಂದ ಮಾಡಿಸಿ ಮಾರಿತು. ಪ್ರತಿನಿಧಿಗಳು ಬಾಗಿಲು ತಟ್ಟಿ ಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದರು. ಶನಿವಾರದ ತರಗತಿಯಲ್ಲಿ ಸಾಲಾಗಿ ಕೂತ ಹುಡುಗ ಹುಡುಗಿಯರು, ಎಲ್ಲರ ತೊಡೆಯ ಮೇಲೂ ಒಂದೊಂದು ಗಿಟಾರು. ಅಂಥ ಗುಂಪು ಚಿತ್ರಗಳು ಅಮೆರಿಕದ ಸಣ್ಣ ಊರುಗಳಿಂದ ಎಷ್ಟೋ ಉಳಿದಿವೆ. ಶಿಕಾಗೊದ ವಾಲ್ಕೊ ಕಂಪನಿ ಸುಪ್ರೊ ಎಂಬ ಹೆಸರಿನಲ್ಲಿ ಮುತ್ತಿನ ಹೊಳಪಿನ ಪ್ಲಾಸ್ಟಿಕ್ ಹೊದಿಸಿದ ಅಗ್ಗದ ವಾದ್ಯಗಳನ್ನು ರಾಶಿ ರಾಶಿ ಮಾಡಿತು. ಇವೇ ಇವತ್ತಿಗೂ ಅಟ್ಟದಿಂದ ಇಳಿದು ಬರುತ್ತಿರುವುದು. ಲೆಕ್ಕವಿಲ್ಲದಷ್ಟು ಮಾಡಿದ್ದೂ ಬೆಲೆ ಏರದಿರಲು ಒಂದು ಕಾರಣ.

ಹವಾಯಿಯ ನಾದ ಅಷ್ಟರಲ್ಲಿ ಟೆಕ್ಸಾಸ್ ಕಡೆಯ ಹಳ್ಳಿ ಹಾಡಿಗೂ ಇಳಿದಿತ್ತು. ಮಿಲ್ಟನ್ ಬ್ರೌನ್ ತಂಡದ ಬಾಬ್ ಡನ್ 1935ರ ಜನವರಿಯಲ್ಲಿ ಶಿಕಾಗೊದಲ್ಲಿ ವಿದ್ಯುತ್ ಸ್ಟೀಲ್ ಗಿಟಾರನ್ನು ತುತ್ತೂರಿಯಂತೆ ಒಡೆದೊಡೆದು ನುಡಿಸಿ ಮುದ್ರಿಸಿದ. ಮರುವರ್ಷ ಬಾಬ್ ವಿಲ್ಸ್ ತಂಡದಲ್ಲಿ ಲಿಯಾನ್ ಮೆಕಾಲಿಫ್ ನುಡಿಸಿದ ‘ಸ್ಟೀಲ್ ಗಿಟಾರ್ ರ‍್ಯಾಗ್’ ಮನೆಮಾತಾಯಿತು. ಗಾಯಕ ಹ್ಯಾಂಕ್ ವಿಲಿಯಮ್ಸ್ ಹಾಡಿನ ಹಿಂದೆ ಅಳುವಂತೆ ಏರುವ ಆ ದನಿ ಡಾನ್ ಹೆಲ್ಮ್ಸ್‌ನ ಗಿಬ್ಸನ್ ಸ್ಟೀಲ್ ಗಿಟಾರಿನದು.

ಲಿಯೊ ಫೆಂಡರ್ ಎಂಬ ರೇಡಿಯೊ ರಿಪೇರಿಯವನು ಡಾಕ್ ಕಾಫ್ಮನ್ ಜೊತೆ 1945ರಲ್ಲಿ ಕಂಪನಿ ತೆರೆದದ್ದೂ ಇವನ್ನೇ ಮಾಡಲು. ಅವನ ಅಗ್ಗದ ಚಾಂಪಿಯನ್ ಎಂಬ ವಿದ್ಯಾರ್ಥಿ ಮಾದರಿಯ ಪಿಕಪ್ಪೇ ಸ್ವಲ್ಪ ಬದಲಾಗಿ ಟೆಲಿಕ್ಯಾಸ್ಟರ್ ಗಿಟಾರಿಗೆ ಹೋಯಿತು. ಮಾವಿ ದ್ವೀಪದಲ್ಲಿ ಹುಟ್ಟಿದ ಫ್ರೆಡ್ಡಿ ಟವಾರೆಸ್ ಒಳ್ಳೆಯ ಸ್ಟೀಲ್ ವಾದಕ. ಲೂನಿ ಟ್ಯೂನ್ಸ್ ಕಾರ್ಟೂನು ಶುರುವಾಗುವಾಗ ಜುಯ್ಯೆಂದು ಮೇಲಕ್ಕೇರುವ ಆ ಸದ್ದು ಅವನ ಕೈಯದು. ಅವನು 1953ರಲ್ಲಿ ಫೆಂಡರ್ ಸೇರಿ ಸ್ಟ್ರಾಟೊಕ್ಯಾಸ್ಟರ್ ರೂಪಿಸುವ ಕೆಲಸದಲ್ಲಿ ಕೈಜೋಡಿಸಿದ. ರಾಕ್ ವಾದಕ ಡೇವಿಡ್ ಗಿಲ್ಮೋರನ ಕರಿಯ ಸ್ಟ್ರಾಟೊಕ್ಯಾಸ್ಟರ್ 2019ರ ಹರಾಜಿನಲ್ಲಿ 39 ಲಕ್ಷ 75 ಸಾವಿರ ಡಾಲರಿಗೆ ಹೋದಾಗ ಪತ್ರಿಕೆಗಳಲ್ಲಿ ಟವಾರೆಸನ ಹೆಸರು ಹುಡುಕಿದೆ. ನಾನು ಓದಿದವುಗಳಲ್ಲಿ ಸಿಗಲಿಲ್ಲ.

ಮಡಿಲ ಗಿಟಾರಿನ ಕುಸಿತ ಶುರುವಾದದ್ದು ಒಂದು ಹಾಡಿನಿಂದ ಎಂದರೆ ಅತಿಯಾಗಲಾರದು. ವೆಬ್ ಪಿಯರ್ಸ್ ಹಾಡಿ 1954ರಲ್ಲಿ ದೊಡ್ಡ ಯಶಸ್ಸು ಕಂಡ ‘ಸ್ಲೋಲಿ’ಯಲ್ಲಿ ಬಡ್ ಐಸಾಕ್ಸ್ ಒಂದು ಸ್ವರಗುಚ್ಛವನ್ನು ಹಿಡಿದಿಟ್ಟು, ಅದರೊಳಗಿನ ಕೆಲವು ತಂತಿಗಳನ್ನು ಮಾತ್ರ ಕಾಲಿನ ಪೆಡಲ್ ಒತ್ತಿ ಮೇಲಕ್ಕೆಳೆದ. ಉಳಿದ ತಂತಿ ನಿಂತಲ್ಲೇ ನಿಂತಿರುತ್ತದೆ, ಪಕ್ಕದ್ದು ಜಾರುತ್ತದೆ. ಮಡಿಲ ಗಿಟಾರಿನಲ್ಲಿ ಇದಾಗದು. ಅಲ್ಲಿ ಬೇರೆ ಶ್ರುತಿ ಬೇಕೆಂದರೆ ಇನ್ನೊಂದು ಕುತ್ತಿಗೆಯೇ ಬೇಕು. ಅದಕ್ಕೇ ಫೆಂಡರ್ ತನ್ನ ಸ್ಟ್ರಿಂಗ್‌ಮಾಸ್ಟರ್ ಮಾದರಿಯಲ್ಲಿ ನಾಲ್ಕು ಕುತ್ತಿಗೆಗಳವರೆಗೂ ಹೋದದ್ದು. ಹಳ್ಳಿ ಹಾಡಿನ ಕೇಂದ್ರವಾದ ನ್ಯಾಶ್‌ವಿಲ್ಲಿನ ವಾದಕರೆಲ್ಲ ಪೆಡಲ್ ಹುಡುಕಿಕೊಂಡು ಹೊರಟರು. ಬಡ್ಡಿ ಎಮ್ಮನ್ಸ್, ಶಾಟ್ ಜಾಕ್ಸನ್ ಸೇರಿ ಶೋ-ಬಡ್ ಕಂಪನಿ ಕಟ್ಟಿದರು. ಅದೇ ಹೊತ್ತಿಗೆ ರಾಕ್ ಆಂಡ್ ರೋಲ್ ಬಂತು. ನಿಂತು, ಕುಣಿದು, ಎದೆಗೊತ್ತಿ ನುಡಿಸುವ ಗಿಟಾರು ಹುಡುಗರ ಕನಸಾಯಿತು. ಕೂತು, ತಲೆ ತಗ್ಗಿಸಿ, ಗುಂಡು ಜಾರಿಸುವ ವಾದ್ಯ ಅಪ್ಪ ಅಮ್ಮಂದಿರ ಕಾಲದ್ದಾಯಿತು. ಹವಾಯಿಯನ್ ಗಿಟಾರ್ ಶಾಲೆಗಳು ಒಂದೊಂದಾಗಿ ಮುಚ್ಚಿದವು ಅಥವಾ ಸ್ಪ್ಯಾನಿಷ್ ಕಲಿಸತೊಡಗಿದವು. ನನ್ನ ಪ್ರಕಾರ ನಿಜವಾದ ಪೆಟ್ಟು ಬಿದ್ದದ್ದು ಇಲ್ಲಿ. ಶಾಲೆ ಹೋದರೆ ಕಲಿಯುವ ಕೈ ಹೋಯಿತು, ಕೈ ಹೋದರೆ ಬೆಲೆ ಯಾವುದು? ಕುದುರೆಲಾಳದ ಕಾಂತದಿಂದ ಶುರುವಾದ ರಿಕನ್‌ಬ್ಯಾಕರ್ ಹೆಸರು 1964ರ ಹೊತ್ತಿಗೆ ಬೀಟಲ್ಸ್ ಹಿಡಿದ ಗಿಟಾರಿನ ಹೆಸರಾಗಿ ಮಾತ್ರ ಉಳಿದಿತ್ತು.

ಲೆಸ್ ಪಾಲ್ ಕೂಡ ಒಮ್ಮೆ ಹೀಗೇ ಬಿದ್ದಿತ್ತು. ವ್ಯಾಪಾರವಿಲ್ಲವೆಂದು ಗಿಬ್ಸನ್ 1960ರಲ್ಲಿ ಆ ರೂಪವನ್ನು ಕೈಬಿಟ್ಟಿತು. ಎರಿಕ್ ಕ್ಲಾಪ್ಟನ್ 1966ರ ಬ್ಲೂಸ್‌ಬ್ರೇಕರ್ಸ್ ತಟ್ಟೆಯಲ್ಲಿ ಅದನ್ನು ಗರ್ಜಿಸುವಂತೆ ನುಡಿಸಿದ ಮೇಲೆ ಹಳೆಯವಕ್ಕೆ ಹುಡುಕಾಟ ಶುರುವಾಯಿತು. ಮಡಿಲ ಗಿಟಾರಿಗೆ ಸಿಕ್ಕ ದೊಡ್ಡ ಹೆಸರಿನ ಹಿತೈಷಿ ಅಮೆರಿಕದ ಗಿಟಾರ್ ವಾದಕ ರೈ ಕೂಡರ್. ಆದರೆ ಅವನು ತೆಗೆದುಕೊಂಡದ್ದು ಅದರ ಪಿಕಪ್ಪನ್ನು. ವಾಲ್ಕೊ ಮಾಡಿದ ಒಆಹು ಮಡಿಲ ಗಿಟಾರಿನ ಪಿಕಪ್ಪನ್ನು ತನ್ನ ಸ್ಟ್ರಾಟೊಕ್ಯಾಸ್ಟರಿಗೆ ಕೂಡಿಸಿ ಅವನು ಪಡೆದ ನಾದ ಅದ್ಭುತವೇ, ಅದರಲ್ಲಿ ಎರಡು ಮಾತಿಲ್ಲ. ಅವನನ್ನು ಅನುಸರಿಸಿದವರು ಮಾಡಿದ್ದು ಮಾತ್ರ ನೋವಿನ ಕೆಲಸ. ಒಳ್ಳೆಯ ಸ್ಥಿತಿಯ ಸುಪ್ರೊ, ಒಆಹು ವಾದ್ಯಗಳನ್ನು ಬಿಚ್ಚಿ, ಪಿಕಪ್ ತೆಗೆದು, ಉಳಿದ ಒಡಲನ್ನು ಎಸೆದರು. ಬೆಲೆ ಏರಿತು, ಬಿಡಿಭಾಗದ ಬೆಲೆಯಾಗಿ ಏರಿತು. ಈಗ ಅದೇ ನಮೂನೆಯ ಹೊಸ ಪಿಕಪ್ ಮಾಡಿಕೊಡುವವರು ಇರುವುದರಿಂದ ಈ ಕಟುಕತನ ಸ್ವಲ್ಪ ತಗ್ಗಿದೆ. ಮರದ ಒಡಲಿನ ಹವಾಯಿಯನ್ ಗಿಟಾರುಗಳ ಗತಿಯೂ ಹೆಚ್ಚು ಬೇರೆಯಲ್ಲ. ವಾದಕ ರಾಯ್ ಸ್ಮೆಕ್ ಹೆಸರಿನ ಗಿಬ್ಸನ್ ಗಿಟಾರುಗಳ ಕುತ್ತಿಗೆಯನ್ನು ತಿದ್ದಿ ಸ್ಪ್ಯಾನಿಷ್ ಮಾಡಿದರು. ಮರ ಅದೇ, ಒಡಲು ಅದೇ. ಎದೆಗೆತ್ತಿಕೊಳ್ಳುವಂತಾದರೆ ಕೊಳ್ಳುವವರು ಹೆಚ್ಚು.

ವಾದ್ಯವನ್ನು ಇಡಿಯಾಗಿ ಪ್ರೀತಿಸಿದವನು ಕೂಡರನ ಗೆಳೆಯ ಡೇವಿಡ್ ಲಿಂಡ್ಲಿ. ಜಾಕ್ಸನ್ ಬ್ರೌನ್‌ನ 1977ರ ‘ರನ್ನಿಂಗ್ ಆನ್ ಎಂಪ್ಟಿ’ಯಲ್ಲಿ ಅವನ ಮಡಿಲ ಗಿಟಾರು ಕೇಳಿದ ಒಂದು ತಲೆಮಾರು ಇದೇನು ವಾದ್ಯ ಎಂದು ವಿಚಾರಿಸಿತು. ರಿಕನ್‌ಬ್ಯಾಕರ್ ಬೇಕಲೈಟಿಗೆ ರಾಕ್ ಸಂಗೀತದವರ ಕಣ್ಣು ಬಿದ್ದದ್ದರಲ್ಲಿ ಅವನ ಪಾಲು ದೊಡ್ಡದು. ಜೆರ್ರಿ ಬರ್ಡ್ ಅಷ್ಟರಲ್ಲಿ, 1972ರಲ್ಲಿ, ಹವಾಯಿಗೇ ಹೋಗಿ ನೆಲೆಸಿದ್ದ. ಹೊನೊಲುಲುವಿನಿಂದ 1935ರಿಂದ ಪ್ರಸಾರವಾಗುತ್ತಿದ್ದ ‘ಹವಾಯಿ ಕಾಲ್ಸ್’ ರೇಡಿಯೊ ಕಾರ್ಯಕ್ರಮ 1975ರಲ್ಲಿ ನಿಂತಿತು. ತವರಿನಲ್ಲೇ ಈ ವಿದ್ಯೆ ಅಳಿಯುವಂತಿತ್ತು. ಓಹಾಯೊದಿಂದ ಬಂದ ಈ ಮನುಷ್ಯ ಹವಾಯಿಯ ಹುಡುಗರನ್ನು ಕೂರಿಸಿಕೊಂಡು ಅವರ ಅಜ್ಜಂದಿರ ವಾದ್ಯವನ್ನು ಅವರಿಗೆ ಕಲಿಸಿದ. ಅವನ ಶಿಷ್ಯ ಅಲನ್ ಅಕಾಕ ಈಗ ತಾನೇ ಗುರು.

ಅಂಗಡಿಯವರ ಕಣ್ಣಿಗೆ ಬೀಳದೆ ಈ ನಾದ ಇನ್ನೂ ಕೆಲವು ಕಡೆ ಬದುಕಿತ್ತು. ಅಮೆರಿಕದ ಕಪ್ಪು ಜನರ ಹೌಸ್ ಆಫ್ ಗಾಡ್ ಚರ್ಚುಗಳಲ್ಲಿ 1930ರ ದಶಕದ ಕೊನೆಯಿಂದಲೂ ಆರ್ಗನ್ನಿನ ಜಾಗದಲ್ಲಿ ಸ್ಟೀಲ್ ಗಿಟಾರು ನುಡಿಯುತ್ತಿತ್ತು. ಹೊರಜಗತ್ತಿಗೆ ಅದು ಗೊತ್ತಾದದ್ದು 1997ರಲ್ಲಿ ಆರ್ಹೂಲಿ ಕಂಪನಿ ‘ಸೇಕ್ರೆಡ್ ಸ್ಟೀಲ್’ ಹೊರತಂದ ಮೇಲೆ. ನೈಜೀರಿಯಾದಲ್ಲಿ ಕಿಂಗ್ ಸನ್ನಿ ಅಡೆಯ ತಂಡ ಪೆಡಲ್ ಸ್ಟೀಲನ್ನು ತನ್ನದಾಗಿಸಿಕೊಂಡಿತು.

ನಮ್ಮಲ್ಲಿ ಇದರ ಬಾಗಿಲು ಕಲ್ಕತ್ತ. ಹವಾಯಿಯಿಂದ ಬಂದ ಟಾವು ಮೋ ಕುಟುಂಬ 1940ರ ದಶಕದಲ್ಲಿ ಅಲ್ಲಿ ನೆಲೆಸಿ ನುಡಿಸಿತು, ಕಲಿಸಿತು. ಆಂಗ್ಲೋ-ಇಂಡಿಯನ್ ವಾದಕ ಗಾರ್ನಿ ನಿಸ್ ತನ್ನ ಅಲೋಹಾ ಬಾಯ್ಸ್ ತಂಡ ಕಟ್ಟಿದ. ಬಂಗಾಳಿ ಮನೆಗಳಲ್ಲಿ ಹಾರ್ಮೋನಿಯಂ ಪಕ್ಕ ಹವಾಯಿಯನ್ ಗಿಟಾರೂ ಜಾಗ ಪಡೆದು ರವೀಂದ್ರ ಸಂಗೀತ ನುಡಿಸಿತು. ರೇಡಿಯೊ ಕೇಳಿ ಬೆಳೆದ ಕನ್ನಡಿಗರಿಗೂ ವ್ಯಾನ್ ಶಿಪ್ಲೆ, ಸುನಿಲ್ ಗಂಗೂಲಿ ನುಡಿಸಿದ ಚಿತ್ರಗೀತೆಗಳು ಪರಿಚಿತ. ಜೋಧಪುರದ ಬ್ರಿಜ್ ಭೂಷಣ್ ಕಾಬ್ರಾ ಇದರಲ್ಲಿ ರಾಗ ವಿಸ್ತರಿಸಿದರು. 1967ರ ‘ಕಾಲ್ ಆಫ್ ದ ವ್ಯಾಲಿ’ಯಲ್ಲಿ ಶಿವಕುಮಾರ ಶರ್ಮಾ, ಹರಿಪ್ರಸಾದ್ ಚೌರಾಸಿಯಾ ಜೊತೆಗಿರುವ ಗಿಟಾರು ಅವರದು. ವಿಶ್ವಮೋಹನ ಭಟ್ಟರು ರೈ ಕೂಡರ್ ಜೊತೆ ನುಡಿಸಿ 1994ರಲ್ಲಿ ಗ್ರ್ಯಾಮಿ ಪಡೆದರು. ಬೆಂಗಳೂರಿನಲ್ಲಿ ಪ್ರಕಾಶ್ ಸೊಂಟಕ್ಕೆ ಹಿಂದೂಸ್ತಾನಿ ಸಂಗೀತವನ್ನು ಸ್ಲೈಡ್ ಗಿಟಾರಿನಲ್ಲಿ ನುಡಿಸುತ್ತಾರೆ. ಗಮನಿಸಬೇಕಾದದ್ದು, ನಮ್ಮ ಈ ಹಿರಿಯರು ಹಳೆಯ ರಿಕನ್‌ಬ್ಯಾಕರ್ ಹುಡುಕಿಕೊಂಡು ಹೋಗಲಿಲ್ಲ. ಲಯಕ್ಕೆ ಮೀಟುವ ಚಿಕಾರಿ, ತಾವಾಗಿ ಅನುರಣಿಸುವ ತರಬ್ ತಂತಿಗಳನ್ನು ಸೇರಿಸಿ ತಮಗೆ ಬೇಕಾದ ವಾದ್ಯವನ್ನು ತಾವೇ ಮಾಡಿಸಿಕೊಂಡರು. ಹಾಗಾಗಿ ಸಂಗ್ರಹಕಾರರ ಮಾರುಕಟ್ಟೆ ಇಲ್ಲಿ ಹುಟ್ಟಲಿಲ್ಲ; ವಾದ್ಯ ಹುಟ್ಟಿತು. ಇದು ನನಗೆ ಹೆಮ್ಮೆಯ ವಿಷಯ.

ಅಮೆರಿಕದ ಇಂದಿನ ಮಾರುಕಟ್ಟೆಯಲ್ಲಿ 1930ರ ದಶಕದ ಫ್ರೈಯಿಂಗ್ ಪ್ಯಾನ್‌ಗೆ ಕೆಲವು ಸಾವಿರ ಡಾಲರ್. ಎರಡನೇ ಮಹಾಯುದ್ಧಕ್ಕೆ ಮುಂಚಿನ ಒಳ್ಳೆಯ ಬೇಕಲೈಟ್ ಸಾವಿರ ದಾಟುತ್ತದೆ. ಸುಪ್ರೊ, ಮ್ಯಾಗ್ನಟೋನ್, ಒಆಹು ಮಾದರಿಗಳು ಕೆಲವು ನೂರಕ್ಕೇ ಸಿಗುತ್ತವೆ. ಗಿಟಾರಿನ ಜೊತೆ ಸೆಟ್ಟಾಗಿ ಬಂದಿದ್ದ ಪುಟ್ಟ ಫೆಂಡರ್ ಆಂಪ್ಲಿಫೈಯರಿಗೆ ಎಷ್ಟೋ ಸಲ ಗಿಟಾರಿಗಿಂತ ಹೆಚ್ಚು ಬೆಲೆ, ಏಕೆಂದರೆ ಅದು ಸ್ಪ್ಯಾನಿಷ್ ಗಿಟಾರಿನವರಿಗೂ ಬೇಕು. ಹಾಗಾಗಿ ಒಟ್ಟಿಗೆ ಹುಟ್ಟಿದ ಸೆಟ್ಟುಗಳನ್ನು ವ್ಯಾಪಾರಿಗಳು ಬೇರೆ ಮಾಡಿ ಮಾರುತ್ತಾರೆ. ಬಲ್ಲವರು ಬೇಕಲೈಟ್ ಕೊಳ್ಳುವಾಗ ಮೊದಲು ಅಳೆಯುವುದು ಕಾಂತದ ಅಗಲವನ್ನು: ಯುದ್ಧಕ್ಕೆ ಮುಂಚಿನದು ಒಂದೂವರೆ ಇಂಚು, ಆಮೇಲಿನದು ಒಂದೂಕಾಲು. ಆ ಕಾಲು ಇಂಚಿಗೇ ಬೆಲೆ ಮೇಲೇರುತ್ತದೆ. ಶಕ್ತಿ ಕುಂದಿದ ಕಾಂತಕ್ಕೆ ಮತ್ತೆ ಶಕ್ತಿ ತುಂಬಿಕೊಡುವ ಕುಶಲಿಗರಿದ್ದಾರೆ. ಆದರೆ ಬೇಕಲೈಟು ಬಿದ್ದರೆ ಸೀಳುವ ವಸ್ತು, ಅದನ್ನು ಅಂಟಿಸಿ ಮೊದಲಿನಂತೆ ಮಾಡಲಾಗದು. ಆದ್ದರಿಂದ ಕುತ್ತಿಗೆ ಒಡಲಿಗೆ ಸೇರುವ ಜಾಗದಲ್ಲಿ ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಆಮೇಲೆ ದರ ಮಾತಾಡುತ್ತಾರೆ.